ಗುಳಿಗೆ ಕೊಡುವ ಮೊದಲು ಕೇಳಿದ ಪ್ರಶ್ನೆ

ನಮ್ಮ ಕಡೆ ಯಾರಾದರೂ ಸಿರ್ಸಿ ಪೇಟೆಗೆ ಹೊರಟರು ಎಂದು ಗೊತ್ತಾದರೆ ಸಾಕು, ಬಸ್ಸು ಬರುವುದರೊಳಗೆ ಅವರ ಕಿಸೆಗೆ ನಾಲ್ಕು ಮನೆಯ ಖಾಲಿ ಗುಳಿಗೆ ಪಟ್ಟಿಗಳು ಬಂದು ಸೇರಿರುತ್ತವೆ. ಒಬ್ಬರದು ಬಿಪಿ, ಒಬ್ಬರದು ಸಕ್ಕರೆ ಕಾಯಿಲೆ, ಇನ್ನೊಬ್ಬರದು ಮಂಡಿನೋವು. “ಇಂಥಾದ್ದ ಎರಡು ಪಟ್ಟಿ ತಗೊಂಡ್ ಬರ್ರಿ” ಎಂದರೆ ಮುಗಿಯಿತು. ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿದರೆ ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಇರುತ್ತದೆ. ಗುಳಿಗೆ ಬಂದಮೇಲೆ ಯಾವುದು ಯಾವಾಗ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನಾನು ಪ್ರತಿಭಾ. ಎಕ್ಕಂಬಿ ಹತ್ತಿರದ ಹಳ್ಳಿಯೊಂದರಲ್ಲಿ ಹನ್ನೆರಡು ವರ್ಷದಿಂದ ಆಶಾ ಕಾರ್ಯಕರ್ತೆ. ಹೀಗೆ ಮಾಡಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಹಾಗಂತ ನಾನೇನು ಸಾಚಾ ಅಲ್ಲ. ನನ್ನ ಅತ್ತೆಯ ಖಾಲಿ ಪಟ್ಟಿಯನ್ನು ನಾನೇ ಎಷ್ಟೋ ಸಲ ಹಾಲಿನ ಗಾಡಿಯವನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಈಗ ಹೇಳುವ ಸಂಗತಿಯಲ್ಲೂ ನನ್ನದೊಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ.

ನಮ್ಮ ಊರಿನ ಬೈರಪ್ಪ ನಿಮಗೆ ಗೊತ್ತಿರಲಿಕ್ಕಿಲ್ಲ. ಎರಡೆಕರೆ ಗದ್ದೆ, ಒಂದೆಕರೆ ಶುಂಠಿ, ಒಳ್ಳೆಯ ಮನಸ್ಸು, ಜೋರು ಬಾಯಿ. ಮನೆಯಲ್ಲಿ ಹೆಂಡತಿ ಸಿದ್ದವ್ವ, ತಾಯಿ ಚೌಡಮ್ಮಜ್ಜಿ, ಮಗಳು ರಕ್ಷಿತಾ. ರಕ್ಷಿತಾ ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದಿದ್ದಳು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಡಿ.ಫಾರ್ಮಾ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತ್ತು. ಔಷಧಿಯ ಓದು ಅದು, ಎರಡು ವರ್ಷದ್ದು. ಶುಕ್ರವಾರ ಸಂಜೆಯೊಳಗೆ ಹೋಗಿ ಹೆಸರು ದಾಖಲು ಮಾಡಿಸಬೇಕು. ಇಲ್ಲದಿದ್ದರೆ ಸೀಟು ಬೇರೆಯವರ ಪಾಲು.

ಸೋಮವಾರ ನಾನು ಬಿಪಿ ನೋಡಲಿಕ್ಕೆಂದು ಅವರ ಮನೆಗೆ ಹೋದಾಗ ಜಗಳ ಕುದಿಯುತ್ತಿತ್ತು.

“ಬರ್ರಿ ಪ್ರತಿಭಕ್ಕ, ನೀವ ಹೇಳ್ರಿ ಇವಳಿಗೆ,” ಎಂದ ಬೈರಪ್ಪ, ನಾನು ಚಪ್ಪಲಿ ಬಿಡುವ ಮೊದಲೇ. “ಗುಳಿಗಿ ಎಣಿಸಿ ಕೊಡಾಕ ಯಾರಾದ್ರೂ ಎರಡು ವರ್ಷ ಓದ್ತಾರೇನು?”

“ಎಣಿಸಿ ಕೊಡೋದಲ್ಲಪ್ಪ ಅದು,” ಎಂದಳು ರಕ್ಷಿತಾ.

“ಮತ್ತೇನು? ಡಾಕ್ಟರು ಬರೀತಾರ, ಕಂಪನಿಯವ್ರು ಮಾಡ್ತಾರ, ನಡುವ ನಿಂತಾವ ತೆಗದು ಕೊಡ್ತಾನ. ಕಿರಾಣಿ ಅಂಗಡ್ಯಾಗ ಸಕ್ಕರಿ ಕಟ್ಟಿ ಕೊಟ್ಟಂಗ. ಅಷ್ಟ.”

“ಸಕ್ಕರಿ ಕಮ್ಮಿ ಆದ್ರ ಚಾ ಸಪ್ಪಗಾಗ್ತೈತಿ. ಗುಳಿಗಿ ಹೆಚ್ಚುಕಮ್ಮಿ ಆದ್ರ ಏನಾಗ್ತೈತಿ ಗೊತ್ತೇನು?”

“ನೋಡ್ರಿ, ನೋಡ್ರಿ, ನಾಲಿಗಿ ನೋಡ್ರಿ ಇವಳದು!” ಬೈರಪ್ಪ ನನ್ನ ಕಡೆ ತಿರುಗಿದ. “ಡಾಕ್ಟರ್ ಆಗ್ತೀನಿ ಅಂದ್ಲು. ಆಗಲಿಲ್ಲ. ಆತು, ಬಿಡು ಅಂದೆ. ಸಿರ್ಸಿ ಕಾಲೇಜಿಗೆ ಬಿ.ಎಸ್ಸಿ ಹಚ್ಚು, ಮುಂಜಾನಿ ಬಸ್ಸಿಗೆ ಹೋಗು, ಸಂಜಿ ಬಸ್ಸಿಗೆ ಬಾ ಅಂದೆ. ಅದು ಬಿಟ್ಟು ಅಂಗಡಿ ಕೆಲಸಕ್ಕ ಓದ್ತೀನಿ ಅಂತಾಳ.”

ಸಿದ್ದವ್ವ ಒಳಗಿನಿಂದ ಸೇರಿಸಿದಳು. “ನಾಳೆ ಪ್ಯಾಟ್ಯಾಗ ಕೌಂಟರ್ ಹಿಂದ ನಿಂತ್ಲು ಅಂದ್ರ ಬೀಗರ ಮಂದಿ ಏನಂತಾರ ಅಕ್ಕ? ಓದಿಸಿ ಓದಿಸಿ ಅಂಗಡಿ ಆಳು ಮಾಡ್ಯಾರ ಅಂತಾರ.”

ನಾನು ಏನು ಹೇಳಲಿ? ನಿಜ ಹೇಳಬೇಕೆಂದರೆ ಫಾರ್ಮಸಿಸ್ಟ್ ಎಂದರೆ ಏನು ಕೆಲಸ ಎಂದು ನನಗೂ ಪೂರ್ತಿ ಗೊತ್ತಿರಲಿಲ್ಲ. “ಯೋಚನೆ ಮಾಡ್ರಿ, ಇನ್ನೂ ನಾಕು ದಿನ ಐತಲ್ಲ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಸುಮ್ಮನಾದೆ. ರಕ್ಷಿತಾ ನನ್ನನ್ನೇ ನೋಡಿದಳು.

ಆಗಲೇ ಚೌಡಮ್ಮಜ್ಜಿಯ ಕಡೆ ನನ್ನ ಕಣ್ಣು ಹೋಯಿತು. ಅಜ್ಜಿಗೆ ವರ್ಷದಿಂದ ಸಂಧಿವಾತ. ಕೈಬೆರಳು ಸೊಟ್ಟಗಾಗಿವೆ. ದೊಡ್ಡ ಡಾಕ್ಟರಿಗೆ ತೋರಿಸಿ ಗುಳಿಗೆ ಶುರು ಮಾಡಿದಮೇಲೆ ಎದ್ದು ಓಡಾಡುವಷ್ಟಾಗಿದ್ದರು. ಅವತ್ತು ಮಾತ್ರ ಮೂಲೆಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದರು. ಎಲೆ ಅಡಿಕೆಯ ಕವಳದ ತಟ್ಟೆ ದೂರ ಸರಿಸಿಟ್ಟಿತ್ತು. ಚೌಡಮ್ಮಜ್ಜಿ ಕವಳ ಹಾಕುವುದಿಲ್ಲ ಎಂದರೆ ಏನೋ ಆಗಿದೆ ಎಂದೇ ಲೆಕ್ಕ.

“ಬಾಯಿ ತೆಗೀರಿ ಅಜ್ಜಿ, ನೋಡ್ತೀನಿ.”

ನಾಲಿಗೆಯ ಅಂಚು, ಕೆನ್ನೆಯ ಒಳಭಾಗ ಎಲ್ಲ ಹುಣ್ಣು. ಮೂರು ದಿನದಿಂದ ಗಂಜಿ ಬಿಟ್ಟರೆ ಏನೂ ನುಂಗಲಿಕ್ಕೆ ಆಗಿಲ್ಲ ಎಂದಳು ಸಿದ್ದವ್ವ.

“ಸುಣ್ಣ ಹೆಚ್ಚಾಗೈತಿ,” ಎಂದೆ ನಾನು, ದೊಡ್ಡ ತಜ್ಞೆಯ ಹಾಗೆ. “ಕವಳ ಎಂಟು ದಿನ ಬಿಡ್ರಿ. ತುಪ್ಪ ಹಚ್ಚ್ರಿ. ಕಮ್ಮಿ ಆಗ್ತೈತಿ.”

ನಮ್ಮ ಊರಲ್ಲಿ ಯಾರ ಬಾಯಿ ಹುಣ್ಣಾದರೂ ಎಲ್ಲರೂ ಹೇಳುವುದು ಇದನ್ನೇ. ಎಲ್ಲರ ಮನೆಯಲ್ಲೂ ಸುಣ್ಣದ ಡಬ್ಬಿ ಇದೆ, ತಪ್ಪು ಹೊರಿಸುವುದು ಸುಲಭ. ಅಜ್ಜಿ ಬೇರೆ ಏನು ಗುಳಿಗೆ ತಗೊಳ್ಳುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಆ ಮಾತು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

“ನಾಳೆ ಶುಂಠಿಗೆ ಹೊಡಿಯೋ ಔಷಧ ತರಾಕ ಸಿರ್ಸಿಗೆ ಹೊಂಟೀನಿ,” ಎಂದ ಬೈರಪ್ಪ. “ಬಾಯಿ ಹುಣ್ಣಿನ ಮುಲಾಮು ತರ್ತೀನಿ. ಅವ್ವನ ದಿನದ ಗುಳಿಗಿನೂ ಮುಗಿಯಾಕ ಬಂದೈತಿ.”

ಮರುದಿನ ನನಗೂ ಸಿರ್ಸಿಯಲ್ಲಿ ಆಶಾ ಕಾರ್ಯಕರ್ತೆಯರ ಸಭೆ ಇತ್ತು. ಹೊರಡುವಾಗ ರಕ್ಷಿತಾ ಬೇಲಿಯ ತನಕ ಬಂದಳು. “ಅಕ್ಕ, ಅಪ್ಪನ್ನ ಶ್ರೀಲಕ್ಷ್ಮಿ ಮೇಡಂ ಅಂಗಡಿಗೇ ಕರ್ಕೊಂಡು ಹೋಗ್ರಿ. ಅವರು ಕೆಲಸ ಮಾಡೋದು ಒಂದ್ ಸಲ ನೋಡ್ಲಿ. ಅಷ್ಟ ಸಾಕು.” ಶ್ರೀಲಕ್ಷ್ಮಿ ಭೈರುಂಬೆ ಕಡೆಯವರು. ಬಿ.ಫಾರ್ಮಾ ಓದಿ, ಕೆಲ ವರ್ಷ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಈಗ ಸಿರ್ಸಿಯಲ್ಲಿ ಸ್ವಂತ ಔಷಧಿ ಅಂಗಡಿ ಇಟ್ಟಿದ್ದಾರೆ. ಪಿಯುಸಿ ಮಕ್ಕಳಿಗೆ ಮುಂದೆ ಏನು ಓದಬಹುದು ಎಂದು ಹೇಳಲಿಕ್ಕೆ ಕಾಲೇಜಿಗೆ ಬಂದಾಗ ರಕ್ಷಿತಾ ಅವರನ್ನು ನೋಡಿದ್ದಳು. ಡಿ.ಫಾರ್ಮಾ ಹುಚ್ಚು ಹಿಡಿದದ್ದು ಅವತ್ತೇ.

ಮಂಗಳವಾರ ಹತ್ತೂವರೆಗೆ ನಾವು ಅಂಗಡಿಯ ಮುಂದೆ ನಿಂತೆವು. ಬೈರಪ್ಪನಿಗೆ ಅವಸರ. ಶುಂಠಿಯ ಔಷಧಿ ಅಂಗಡಿಗೆ ಹೋಗಬೇಕು, ಹನ್ನೆರಡರ ಬಸ್ಸು ಹಿಡಿಯಬೇಕು.

“ಬಾಯಿ ಹುಣ್ಣಿಗೆ ಒಂದ್ ಮುಲಾಮು ಕೊಡ್ರಿ ಅಕ್ಕಾರ.”

ಶ್ರೀಲಕ್ಷ್ಮಿ ಕೈ ಮುಂದೆ ಮಾಡಲಿಲ್ಲ. “ಯಾರಿಗೆ?”

“ನಮ್ಮವ್ವಗ.”

“ವಯಸ್ಸು ಎಷ್ಟಾತು?”

“ಎಪ್ಪತ್ತು ದಾಟೈತಿ. ಮುಲಾಮಿಗೆ ವಯಸ್ಸು ಎದಕ್ಕ ಬೇಕ್ರಿ?”

“ಬೇಕು ಮಾರಾಯ್ರೇ. ಎಷ್ಟು ದಿನದಿಂದ ಹುಣ್ಣು?”

“ಮೂರ್ ನಾಕ್ ದಿನ ಆತು. ಸುಣ್ಣ ಹೆಚ್ಚಾಗೈತಿ ಅಂತ ಈ ಅಕ್ಕಾರ ಹೇಳ್ಯಾರ.” ಬೈರಪ್ಪ ನನ್ನ ಕಡೆ ಕೈ ಮಾಡಿದ. ನಾನು ತಲೆಯಾಡಿಸಿದೆ.

“ಬೇರೆ ಎಂತೆಂತ ಗುಳಿಗೆ ತಗಳ್ತಾರೆ ಅವರು?”

ಬೈರಪ್ಪನ ತಾಳ್ಮೆ ಮುಗಿಯಿತು. ಕಿಸೆಯಿಂದ ಎರಡು ಖಾಲಿ ಪಟ್ಟಿ ತೆಗೆದು ಗಾಜಿನ ಮೇಲೆ ಹಾಕಿದ. “ಇವ ನೋಡ್ರಿ. ಇದರಾಗ ದಿನದ್ದು ಒಂದ್ ಪಟ್ಟಿ ಕೊಡ್ರಿ. ಕೋರ್ಟಿನ್ಯಾಗೂ ಇಷ್ಟು ಕೇಳೂದಿಲ್ಲ.”

ಶ್ರೀಲಕ್ಷ್ಮಿ ನಕ್ಕರು. ಪಟ್ಟಿ ಎತ್ತಿ ಹಿಂದಿನ ಬರಹ ಓದಿದರು. ಓದುತ್ತಿದ್ದ ಹಾಗೆ ನಗು ನಿಂತಿತು.

“ಇದು ಸಂಧಿವಾತದ್ದು. ಹೇಗೆ ತಗಳ್ತಾರೆ ಹೇಳಿ ನೋಡ್ವಾ?”

“ಸೋಮವಾರಕ್ಕೊಂದು. ವಾರಕ್ಕ ಒಂದ ಸಲ. ಉಳಿದ ಆರು ದಿನ ಇನ್ನೊಂದು ಪಟ್ಟೀದು, ಶಕ್ತಿ ಗುಳಿಗಿ. ಡಾಕ್ಟರು ಹೇಳ್ಯಾರ. ಅಷ್ಟು ನಮಗೂ ತಿಳೀತೈತ್ರಿ.”

“ಸರಿ ಇದೆ. ಯಾವಾಗ ತಗಂಡು ಹೋದದ್ದು?”

“ಹ್ವಾದ ವಾರ, ಸೋಮವಾರ. ನಿನ್ನಿಗೆ ಒಂದ್ ವಾರ ಆತು.”

“ಎಂಟು ದಿನದಲ್ಲಿ ವಾರಕ್ಕೊಂದರ ಪಟ್ಟಿ ಹತ್ತೂ ಖಾಲಿ ಆದದ್ದು ಹೇಗೆ?”

“ಖಾಲಿ ಆಗಿಲ್ರಿ, ಬಿಚ್ಚಿಟ್ಟೀವಿ! ಅವ್ವನ ಬೆರಳು ಸೊಟ್ಟಾಗ್ಯಾವ. ಪಟ್ಟಿ ಒತ್ತಿ ಗುಳಿಗಿ ತಗ್ಯಾಕ ಆಗೂದಿಲ್ಲ. ಅದಕ್ಕ ಎಲ್ಲಾ ಬಿಚ್ಚಿ ಡಬ್ಬಿಗೆ ಹಾಕ್ತೀವಿ. ಕೆಂಪು ಮುಚ್ಚಳದ ಡಬ್ಬಿ ಸೋಮವಾರದ್ದು, ಹಸಿರು ದಿನದ್ದು. ಅವ್ವಗ ಓದಾಕ ಬರೂದಿಲ್ಲ, ಬಣ್ಣ ತಿಳೀತೈತಿ.”

ಒಳ್ಳೆಯ ಉಪಾಯ ಎಂದೇ ನನಗೂ ಅನಿಸಿತು. ಶ್ರೀಲಕ್ಷ್ಮಿಗೆ ಅನಿಸಲಿಲ್ಲ. “ಈ ಸಲ ಡಬ್ಬಿಗೆ ಹಾಕಿದ್ದು ಯಾರು?”

“ಯಾವಾಗ್ಲೂ ಮಗಳು ರಕ್ಷಿತಾ ಹಾಕ್ತಾಳ. ಅವತ್ತು ಕಾಲೇಜಿನ ಅರ್ಜಿ ಅಂತ ಹುಬ್ಬಳ್ಳಿಗೆ ಹೋಗಿದ್ಲು. ನಾನ ಹಾಕೀನಿ.”

ಶ್ರೀಲಕ್ಷ್ಮಿ ಕಪಾಟಿನಿಂದ ಅದೇ ಎರಡು ಪಟ್ಟಿ ತೆಗೆದು ಒಂದರ ಪಕ್ಕ ಒಂದು ಇಟ್ಟರು. ಎರಡರ ಗುಳಿಗೆಯೂ ಸಣ್ಣದು, ಎರಡೂ ಹಳದಿ. ಸರಿಯಾಗಿ ನೋಡಿದರೆ ದಿನದ ಗುಳಿಗೆಯ ನಡುವೆ ಮಾತ್ರ ಒಂದು ಗೀರು. “ಮಗಳಿಗೆ ಫೋನ್ ಮಾಡಿ. ನಾನು ಮಾತಾಡ್ತೆ,” ಎಂದರು.

ಫೋನನ್ನು ಗಾಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದರು. ರಕ್ಷಿತಾ ಎತ್ತಿದಳು.

“ರಕ್ಷಿತಾ, ಅಜ್ಜಿ ಗುಳಿಗೆ ಡಬ್ಬಿ ಎರಡೂ ತಗ. ಕೆಂಪು ಮುಚ್ಚಳದ್ದು ತೆಗೆ. ಗುಳಿಗೆ ನಡುವೆ ಗೀರು ಇದೆಯಾ?”

ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. “ಐತಿ ಮೇಡಂ.”

“ಹಸಿರಿನದ್ದು?”

ಇನ್ನೊಂದು ಡಬ್ಬಿಯ ಗುಳಿಗೆ ತಟ್ಟೆಗೆ ಸುರಿದ ಸದ್ದು ಬಂತು. “ಗೀರಿಲ್ಲ ಮೇಡಂ. ಮೇಡಂ... ಹಸಿರಿನ್ಯಾಗ ಇರೋದು ವಾರದ ಗುಳಿಗಿ. ಅದಲು ಬದಲಾಗೈತಿ.”

“ಎಷ್ಟಿವೆ?”

“ನಾಕ ಅದಾವ.”

ಹತ್ತರಲ್ಲಿ ನಾಲ್ಕು ಉಳಿದಿವೆ. ಆರು ಹೋಗಿವೆ. ವಾರಕ್ಕೆ ಒಂದೇ ತೆಗೆದುಕೊಳ್ಳಬೇಕಾದ ಬಲವಾದ ಗುಳಿಗೆಯನ್ನು ಅಜ್ಜಿ ಆರು ದಿನ ದಿನಕ್ಕೊಂದರಂತೆ ನುಂಗಿದ್ದರು. ಬೈರಪ್ಪ ಗಾಜಿನ ಮೇಲಿದ್ದ ಎರಡು ಪಟ್ಟಿಗಳನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದ.

“ಬಾಯಿ ಹುಣ್ಣು ಸುಣ್ಣದಿಂದ ಅಲ್ಲ ಅಂತ ಕಾಣ್ತದೆ,” ಎಂದರು ಶ್ರೀಲಕ್ಷ್ಮಿ. ಸ್ವರ ಏರಿಸಲಿಲ್ಲ. “ಈ ಗುಳಿಗೆ ಹೆಚ್ಚಾದರೆ ಮೊದಲು ತೋರಿಸೂದೇ ಬಾಯಲ್ಲಿ. ರಕ್ಷಿತಾ, ಅಜ್ಜಿಗೆ ಜ್ವರ ಇದೆಯಾ? ಎಲ್ಲಾದರೂ ರಕ್ತ ಬಂತಾ?” ಎರಡೂ ಇಲ್ಲ ಎಂದಳು ರಕ್ಷಿತಾ. “ಒಳ್ಳೇದಾತು. ಇವತ್ತಿನ ಗುಳಿಗೆ ತಗಂಡಿದಾರಾ?”

“ಇಲ್ಲ ಮೇಡಂ, ಊಟ ಆದಮ್ಯಾಲ ತಗೋತಾರ, ಸಂಜಿಗೆ.”

“ಕೊಡಬೇಡ. ಯಾವುದನ್ನೂ ಕೊಡಬೇಡ. ಅಜ್ಜಿನ ಈಗಲೇ ಕರ್ಕಂಡು ಆಸ್ಪತ್ರೆಗೆ ಬಾ. ಡಬ್ಬಿ ಎರಡೂ ತಗಂಡು ಬಾ. ಹಳೆ ಚೀಟಿನೂ ತಗಂಡು ಬಾ. ಎಂತ ಹೆದರಬೇಡ, ಟೈಮಿದೆ.”

ಆಮೇಲೆ ಅವರು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದರು. ಗುಳಿಗೆಯ ಹೆಸರು, ಎಷ್ಟು ಬಲದ್ದು, ಎಷ್ಟು ದಿನ ಎಷ್ಟು ಹೋಗಿದೆ, ವಯಸ್ಸು, ಹುಣ್ಣು ಶುರುವಾದ ದಿನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅದನ್ನೇ ಒಂದು ಹಾಳೆಯಲ್ಲಿ ಬರೆದು ಬೈರಪ್ಪನ ಕೈಗೆ ಕೊಟ್ಟರು.

“ಮುಲಾಮು?” ಎಂದ ಬೈರಪ್ಪ. ಪಾಪ, ಅವನಿಗೆ ಏನು ಕೇಳಬೇಕೆಂದೇ ತೋಚುತ್ತಿರಲಿಲ್ಲ.

“ಮುಲಾಮು ಕೊಡೂದಿಲ್ಲ. ಕೊಟ್ಟಿದ್ರೆ ನೀವು ಹನ್ನೆರಡರ ಬಸ್ಸಿಗೆ ಮನೆಗೆ ಹೋಗ್ತಿದ್ರಿ, ಸಂಜೆ ಮತ್ತೊಂದು ಗುಳಿಗೆ ಹೋಗ್ತಿತ್ತು. ಆಸ್ಪತ್ರೆಗೆ ನಡೀರಿ.”

ಒಂದೂವರೆ ತಾಸಿನೊಳಗೆ ಅಜ್ಜಿ ಆಸ್ಪತ್ರೆಯ ಮಂಚದ ಮೇಲಿದ್ದರು. ಸಿದ್ದವ್ವ, ರಕ್ಷಿತಾ ಟೆಂಪೋ ಮಾಡಿಕೊಂಡು ಕರೆತಂದಿದ್ದರು. ರಕ್ತ ತೆಗೆದರು. ವರದಿ ಬರುವ ತನಕ ಬೈರಪ್ಪ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತ. ಮಗಳು ಪಕ್ಕದಲ್ಲಿ ಕೂತಳು. ಅವನು ಮೊದಲು ಹೇಳಿದ್ದು ಒಂದೇ ಮಾತು: “ಹತ್ತ ಗುಳಿಗಿ ಆ ಡಬ್ಬಿಗೆ, ಹತ್ತು ಈ ಡಬ್ಬಿಗೆ. ಅಷ್ಟ ಕೆಲಸ ಇತ್ತು. ನಾನ ಹಾಕಿದ್ದು.” ಆಮೇಲೆ ಟವೆಲ್ಲು ಮುಖಕ್ಕೆ ಒತ್ತಿಕೊಂಡ. ಹನ್ನೆರಡು ವರ್ಷದಲ್ಲಿ ಬೈರಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ರಕ್ಷಿತಾ ಸೋಮವಾರದ ಜಗಳವನ್ನು ಎತ್ತಿ ಆಡಬಹುದಿತ್ತು. ಆಡಲಿಲ್ಲ. ಅಪ್ಪನ ಬೆನ್ನ ಮೇಲೆ ಕೈ ಇಟ್ಟು ಕೂತಳು.

ಡಾಕ್ಟರು ಹೊರಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. “ಬಿಳಿ ರಕ್ತಕಣ ಸ್ವಲ್ಪ ಇಳಿದಿದೆ,” ಎಂದರು. “ಆದರೆ ಹೆದರುವಷ್ಟು ಇಳಿದಿಲ್ಲ. ಕಿಡ್ನಿ, ಲಿವರ್ ಸರಿಯಾಗಿವೆ. ಆ ಗುಳಿಗೆಯ ಬಲ ಇಳಿಸುವ ಔಷಧಿ ಶುರು ಮಾಡಿದ್ದೇವೆ. ಎರಡು ಮೂರು ದಿನ ಇಲ್ಲೇ ಇರಲಿ. ಬೇಗ ಗೊತ್ತಾಯ್ತು. ಇನ್ನೊಂದು ವಾರ ಹೀಗೇ ನಡೆದಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ.”

ಅಬ್ಬಾ! ಆ ಕ್ಷಣಕ್ಕೆ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಸಿದ್ದವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನನ್ನ ಸಭೆ ಯಾವಾಗಲೋ ಮುಗಿದುಹೋಗಿತ್ತು, ಬೈಸಿಕೊಂಡರೂ ಅಡ್ಡಿಯಿಲ್ಲ ಎಂದುಕೊಂಡೆ.

ಗುರುವಾರ ನಾನು ಮತ್ತೆ ಹೋದೆ. ಅಜ್ಜಿ ದಿಂಬಿಗೆ ಒರಗಿ ಮೆತ್ತಗಿನ ಅನ್ನ ತಿನ್ನುತ್ತಿದ್ದರು. ಎರಡನೆಯ ರಕ್ತಪರೀಕ್ಷೆ ಮೊದಲಿಗಿಂತ ಚೆನ್ನಾಗಿತ್ತು. ಬೈರಪ್ಪ ಮಾತ್ರ ಕಾಣಲಿಲ್ಲ. ಶ್ರೀಲಕ್ಷ್ಮಿಗೆ ವಿಷಯ ತಿಳಿಸಿ ಬರುತ್ತೇನೆ ಎಂದು ಹೋದವನು ಬಂದಿಲ್ಲ ಎಂದಳು ಸಿದ್ದವ್ವ. ನಾನು ಹುಡುಕಿಕೊಂಡು ಹೋದರೆ ಅವನು ಅಂಗಡಿಯ ಮೂಲೆಯಲ್ಲಿ ಕೈಕಟ್ಟಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅರ್ಧ ತಾಸಿನಿಂದ ಹಾಗೆಯೇ ನಿಂತಿದ್ದಾನಂತೆ.

ನಾನು ಹೋದಾಗ ಸಿದ್ದಾಪುರ ಕಡೆಯ ಒಬ್ಬರು ಜ್ವರ, ಮೈಕೈ ನೋವು, ಜೋರಾದ ನೋವಿನ ಗುಳಿಗೆ ಕೊಡಿ ಎನ್ನುತ್ತಿದ್ದರು. ಶ್ರೀಲಕ್ಷ್ಮಿ ಗುಳಿಗೆ ಕೊಡಲಿಲ್ಲ. ಬೆಟ್ಟಕ್ಕೆ ಹೋಗಿದ್ದಿರಾ, ಮೈಮೇಲೆ ಉಣ್ಣಿ, ಉಣುಗು ಹತ್ತಿತ್ತಾ ಎಂದು ಕೇಳಿದರು. ಹೌದು ಎಂದಾಗ, ಮಂಗನ ಕಾಯಿಲೆಯೂ ಇರಬಹುದು, ನೋವಿನ ಗುಳಿಗೆ ಈಗ ಬೇಡ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ಬರೆದು ಆಸ್ಪತ್ರೆಗೆ ಕಳಿಸಿದರು. ಆಮೇಲೆ ಬಾಣಂತಿಯೊಬ್ಬಳು ಬಂದಳು. ಕೂಸಿಗೆ ಜ್ವರದ ಹನಿ ಔಷಧಿ. ಎಷ್ಟು ಹನಿ ಎಂದು ಹಾಕುವ ನಳಿಗೆಯಲ್ಲೇ ನೀರು ಎಳೆದು ತೋರಿಸಿ, ಅವಳ ಕೈಯಿಂದ ಮತ್ತೊಮ್ಮೆ ಮಾಡಿಸಿ, ಆಮೇಲೆ ಕಳಿಸಿದರು.

“ಏನ್ರಿ ಅಕ್ಕಾರ,” ಎಂದ ಬೈರಪ್ಪ ಜನ ಕರಗಿದಮೇಲೆ, “ಗುಳಿಗಿ ಕೊಡೂದಕ್ಕಿಂತ ಕೊಡದ ಕಳಿಸೂದ ಹೆಚ್ಚಾತಲ್ಲ ನಿಮ್ಮ ಅಂಗಡ್ಯಾಗ?”

ಶ್ರೀಲಕ್ಷ್ಮಿ ಜೋರಾಗಿ ನಕ್ಕರು. “ಶುಂಠಿಗೆ ಹೊಡಿಯೂ ಔಷಧ ತಗಳ್ವಾಗ ನೀವು ಎಂತ ಕೇಳ್ತೀರಿ?”

“ಎಷ್ಟು ನೀರಿಗೆ ಎಷ್ಟು, ಎಷ್ಟು ದಿನ ಬಿಟ್ಟು ಹೊಡೀಬೇಕು, ಬ್ಯಾರೇದರ ಸಂಗಾಟ ಕೂಡಿಸಬಹುದೋ ಇಲ್ಲೋ... ನಾಕ್ ಸಲ ಕೇಳ್ತೀನ್ರಿ. ಹೆಚ್ಚುಕಮ್ಮಿ ಆದ್ರ ಬೆಳಿ ಸುಟ್ಟು ಹೊಕ್ಕೈತಿ.”

“ಅದನ್ನೇ ಮನುಷ್ಯರಿಗೆ ಕೇಳೂದು, ಹೇಳೂದು ನನ್ನ ಕೆಲಸ.”

ಆಗ ಬೈರಪ್ಪನ ಬಾಯಿಂದ ಬಂದದ್ದು ನಮ್ಮ ಕಡೆಯ ಎಲ್ಲ ಅಪ್ಪಂದಿರೂ ಕೇಳುವ ಪ್ರಶ್ನೆ: “ಸರಕಾರಿ ನೌಕರಿ ಸಿಗ್ತೈತೇನ್ರಿ?”

“ಸಿಗಬಹುದು. ಸರಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಹುದ್ದೆ ಇರ್ತದೆ. ಆದರೆ ಕರೆದಾಗ ಅರ್ಜಿ ಹಾಕಬೇಕು, ಎಲ್ಲರಿಗೂ ಸಿಗೂದಿಲ್ಲ. ಖಾಸಗಿ ಆಸ್ಪತ್ರೆ ಇದೆ, ಔಷಧ ತಯಾರಿಸೂ ಕಂಪನಿ ಇದೆ, ಸ್ವಂತ ಅಂಗಡಿ ಇಡಬಹುದು. ಡಿ.ಫಾರ್ಮಾ ಎರಡು ವರ್ಷ, ಮೇಲೆ ಮೂರು ತಿಂಗಳು ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ತರಬೇತಿ. ಆಮೇಲೆ ರಾಜ್ಯದ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಓದೂ ಮನಸ್ಸಿದ್ರೆ ಅಲ್ಲಿಂದ ನೇರ ಬಿ.ಫಾರ್ಮಾ ಎರಡನೇ ವರ್ಷಕ್ಕೆ ಸೇರಲಿಕ್ಕೂ ದಾರಿ ಇದೆ. ಒಂದು ಮಾತ್ರ ನೋಡ್ಕಳಿ. ಕಾಲೇಜಿಗೆ ಭಾರತೀಯ ಫಾರ್ಮಸಿ ಕೌನ್ಸಿಲ್ ಮಾನ್ಯತೆ ಇರಬೇಕು.”

“ಮಗಳು ಅದನ್ನ ಮೊದಲ ನೋಡ್ಯಾಳ.”

“ಹಾಗಾದ್ರೆ ನನಗಿಂತ ಹುಷಾರಿದಾಳೆ. ಕಷ್ಟನೂ ಹೇಳ್ತೆ, ಕೇಳಿ. ದಿನವಿಡೀ ನಿಂತು ಕಾಲು ನೋಯ್ತದೆ. ಶುರುವಿನಲ್ಲಿ ಸಂಬಳ ಬಹಳ ಇರೂದಿಲ್ಲ. ಪ್ರಶ್ನೆ ಕೇಳಿದ್ರೆ ಜನ ಬೈತಾರೆ. ಮೊನ್ನೆ ಒಬ್ರು ಕೋರ್ಟಿನಲ್ಲೂ ಇಷ್ಟು ಕೇಳೂದಿಲ್ಲ ಅಂದ್ರು.”

ಬೈರಪ್ಪ ತಲೆ ತಗ್ಗಿಸಿ ನಕ್ಕ. ಹೊರಡುವಾಗ ಅಜ್ಜಿಗೆ ಇನ್ನು ಮುಂದೆ ಗುಳಿಗೆ ಹೇಗೆ ಕೊಡುವುದೆಂದು ಕೇಳಿದ. ಶ್ರೀಲಕ್ಷ್ಮಿ ಹೇಳಿದ್ದನ್ನು ನಾನೂ ಬರೆದುಕೊಂಡೆ. ಗುಳಿಗೆಯನ್ನು ಪಟ್ಟಿಯಿಂದ ಬಿಚ್ಚಿಡಬಾರದು. ತೆಗೆದುಕೊಳ್ಳುವ ಹೊತ್ತಿಗೆ ಮನೆಯವರೊಬ್ಬರು ಒತ್ತಿ ಕೈಗೆ ಕೊಡಬೇಕು. ವಾರದ ಗುಳಿಗೆಯ ಪಟ್ಟಿಯನ್ನು ಬೇರೆಯೇ ಜಾಗದಲ್ಲಿ ಇಡಬೇಕು, ಮೇಲೆ ವಾರದ ಹೆಸರು ಬರೆಯಬೇಕು. ಆ ಗುಳಿಗೆ ಕೆಟ್ಟದ್ದಲ್ಲ, ಅದರಿಂದಲೇ ಅಜ್ಜಿ ಎದ್ದು ಓಡಾಡಿದ್ದು. ಮತ್ತೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರು ಹೇಳುತ್ತಾರೆ. ನಾವಾಗಿಯೇ ಬಿಡುವುದೂ ಇಲ್ಲ, ನಾವಾಗಿಯೇ ಶುರು ಮಾಡುವುದೂ ಇಲ್ಲ.

ನಾವು ಆಸ್ಪತ್ರೆಗೆ ಮರಳಿದಾಗ ಅಜ್ಜಿಯನ್ನು ನೋಡಲು ಕಮಲಾಕರ ಬಂದು ಕೂತಿದ್ದರು. ಯಲ್ಲಾಪುರ ಕಡೆ ಅವರದೊಂದು ಔಷಧಿ ಅಂಗಡಿ ಇದೆ. ಶುಂಠಿ ವ್ಯಾಪಾರದಿಂದ ಬೈರಪ್ಪನಿಗೆ ಹಳೆಯ ಪರಿಚಯ. ಎಳನೀರು ತಂದಿದ್ದರು. ರಕ್ಷಿತಾಳ ಸೀಟಿನ ಮಾತು ಅವರ ಕಿವಿಗೂ ಬಿದ್ದಿತ್ತು.

“ಎಂತಕ್ಕೆ ತಲೆ ಬಿಸಿ ಮಾಡ್ಕಳ್ತೆ ಬೈರಪ್ಪ?” ಎಂದರು. “ಓದ್ಸು ಮಾರಾಯ. ಓದಿ ಸರ್ಟಿಫಿಕೇಟ್ ತರ್ಲಿ. ಅದನ್ನ ನಮ್ಮ ಅಂಗಡಿ ಗೋಡೆಗೆ ತೂಗು ಹಾಕ್ವ. ಅಂಗಡಿ ನೋಡ್ಕಳ್ಳೂಕೆ ನನ್ನ ಹತ್ರ ಕೆಲಸದವ್ರು ಇದ್ದಾರೆ. ನಿನ್ನ ಮಗಳು ಕೌಂಟರಿನಲ್ಲಿ ನಿಲ್ಲೂದೇ ಬೇಡ. ಮನೆಲಿ ಕೂತ್ಕಂಡೇ ತಿಂಗಳು ತಿಂಗಳು ಸಂಬಳ ತಗಳ್ಲಿ. ಜನ ಮಾತಾಡೂದೂ ಇಲ್ಲೆ.”

ಸಿದ್ದವ್ವ ಗಂಡನ ಮುಖ ನೋಡಿದಳು. ರಕ್ಷಿತಾಳ ಮುಖ ಸಣ್ಣಗಾಯಿತು. ಹಿಂದಿನ ಸೋಮವಾರ ಈ ಮಾತು ಬಂದಿದ್ದರೆ ಬೈರಪ್ಪ ಕಮಲಾಕರರ ಕೈ ಕುಲುಕಿ ಚಹಾ ಕುಡಿಸುತ್ತಿದ್ದ. ಅದರಲ್ಲಿ ನನಗೆ ಸಂಶಯವೇ ಇಲ್ಲ.

ಬೈರಪ್ಪ ತಾಯಿಯ ಮಂಚದ ತುದಿಗೆ ಕೂತ.

“ಕಮಲಾಕರಣ್ಣ, ಮಂಗಳವಾರ ನಾನು ಹೋಗಿ ನಿಂತ ಅಂಗಡ್ಯಾಗ ಸರ್ಟಿಫಿಕೇಟು ಅಷ್ಟ ಇದ್ದು, ಓದಿದಾಕಿ ಇರದ ಹೋಗಿದ್ರ, ಯಾರೋ ಒಬ್ಬ ಹುಡುಗ ಮುಲಾಮು ತೆಗದು ಕೊಡ್ತಿದ್ದ. ನಾನು ತಗೊಂಡ್ ಬರ್ತಿದ್ದೆ. ‘ಯಾರಿಗೆ ಬೇಕು, ಬ್ಯಾರೆ ಏನ್ ಗುಳಿಗಿ ತಗೋತಾರ’ ಅಂತ ಆ ಗೋಡಿ ಮ್ಯಾಲಿನ ಕಾಗದ ಕೇಳ್ತಿತ್ತೇನ್ರಿ?”

ಕಮಲಾಕರರು ಎಳನೀರಿನ ಚೀಲದ ಕಡೆ ನೋಡಿದರು.

“ಆಕಿ ಕೇಳಿದ್ಲು, ನಮ್ಮವ್ವ ಉಳಿದ್ಲು,” ಎಂದ ಬೈರಪ್ಪ. “ನನ್ನ ಮಗಳು ಓದ್ತಾಳ. ಓದಿ ಕೌಂಟರಿನ್ಯಾಗ ನಿಲ್ತಾಳ. ನಿಂತು ಕೇಳ್ತಾಳ. ಜನ ಏನರ ಅಂದ್ಕೊಳ್ಳಿ.”

ಸರ್ಟಿಫಿಕೇಟ್ ಬಾಡಿಗೆಗೆ ಕೊಡುವುದು ಕಾನೂನಿನ ಪ್ರಕಾರ ತಪ್ಪು, ಕೊಟ್ಟವರ ಹೆಸರೇ ಕೌನ್ಸಿಲ್ ಪಟ್ಟಿಯಿಂದ ಹೋಗಬಹುದು ಎಂದು ನಾನು ಹೇಳಬೇಕೆಂದಿದ್ದೆ. ಹೇಳುವ ಅಗತ್ಯವೇ ಬೀಳಲಿಲ್ಲ. ಕಮಲಾಕರರು ಎಳನೀರಿನ ಚೀಲ ಮಂಚದ ಕೆಳಗೆ ಸರಿಸಿ, “ನಾನೂ ಒಬ್ರು ಓದಿದವ್ರನ್ನ ಹುಡುಕೂಕೆ ಬೇಕು ಮಾರಾಯ” ಎಂದು ಸಣ್ಣ ಸ್ವರದಲ್ಲಿ ಹೇಳಿ ಎದ್ದರು. ಹುಡುಕಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಬೈರಪ್ಪ ಮಗಳ ಕಡೆ ತಿರುಗಿದ. “ನಾಳೆ ಮುಂಜಾನಿ ಹುಬ್ಬಳ್ಳಿ ಬಸ್ಸು ಎಷ್ಟಕ್ಕ ಐತಿ?”

ರಕ್ಷಿತಾ ಹತ್ತಿರ ಬಂದು ಅಪ್ಪನ ಕೈ ಹಿಡಿದಳು. ಮೂರು ದಿನದಿಂದ ಸರಿಯಾಗಿ ಮಾತಾಡದ ಚೌಡಮ್ಮಜ್ಜಿ ಮಂಚದ ಮೇಲಿಂದ ಹೇಳಿದರು:

“ಆರೂವರಿಗೆ ಐತಿ. ತಡಾ ಮಾಡಬ್ಯಾಡ್ರಿ.”

ಎಲ್ಲರೂ ನಕ್ಕೆವು, ಸಿದ್ದವ್ವ ನಗುತ್ತ ಅತ್ತಳು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ರಕ್ಷಿತಾಳ ಹೆಸರು ದಾಖಲಾಯಿತು. ಶನಿವಾರ ಅಜ್ಜಿ ಮನೆಗೆ ಬಂದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾನು ದೊಡ್ಡ ಮಾತು ಹೇಳುವವಳಲ್ಲ. ನಿಮ್ಮ ಮನೆಯಲ್ಲಿ ಯಾವ ಗುಳಿಗೆ ಯಾರದು, ಯಾವಾಗಿನದು ಎಂದು ಇವತ್ತೇ ಒಮ್ಮೆ ನೋಡಿ. ಬಿಚ್ಚಿಟ್ಟ ಗುಳಿಗೆ ಇದ್ದರೆ ಗುರುತು ಹಿಡಿಯಲು ನೀವೇ ಹೋಗಬೇಡಿ, ಫಾರ್ಮಸಿಸ್ಟ್ ಹತ್ತಿರ ಒಯ್ದು ತೋರಿಸಿ. ಪೇಟೆಗೆ ಹೋಗುವವರ ಕೈಯಲ್ಲಿ ಖಾಲಿ ಪಟ್ಟಿಯ ಜೊತೆ ಡಾಕ್ಟರ ಚೀಟಿಯನ್ನೂ ಕೊಡಿ. ಔಷಧಿ ಅಂಗಡಿಯಲ್ಲಿ “ಫಾರ್ಮಸಿಸ್ಟ್ ಯಾರು, ಇದ್ದಾರಾ?” ಎಂದು ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಅವರು ಪ್ರಶ್ನೆ ಕೇಳಿದರೆ ಬಸ್ಸಿನ ಅವಸರ ಬಿಟ್ಟು ನಿಂತು ಉತ್ತರ ಹೇಳಿ.

ವಿಜ್ಞಾನ ಓದಿದ ಮಗನೋ ಮಗಳೋ ಫಾರ್ಮಸಿ ಓದುತ್ತೇನೆ ಎಂದರೆ, ಬೇಡ ಎನ್ನುವ ಮೊದಲು ಒಳ್ಳೆಯ ಫಾರ್ಮಸಿಸ್ಟ್ ಒಬ್ಬರ ಅಂಗಡಿಯ ಮುಂದೆ ಅರ್ಧ ತಾಸು ನಿಂತು ನೋಡಿ. ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಚೌಡಮ್ಮಜ್ಜಿಯರಿದ್ದಾರೆ. ಅವರ ಪರವಾಗಿ ಕೇಳುವವರು ಬೇಕು. ಆ ಕೇಳುವವಳು ನಿಮ್ಮ ಮನೆಯಿಂದಲೇ ಹೊರಡಲಿ.